ಬಿಳಿಗಿರಿಯ ಮಾರಿಸ್

ಹೂಗ್ಯಂ ಸೀಮೆಯ ಕಾಡುಗಳಿಗೆ ಪಶ್ಚಿಮದಲ್ಲಿ ಬಿಳಿಗಿರಿರಂಗನ ಬೆಟ್ಟಗಳು ಹಬ್ಬಿವೆ. ಸೋಲಿಗರು ಅನಾದಿಯಿಂದ ಬಾಳಿದ ಈ ನೆಲಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರಾದ ರ‍್ಯಾಂಡಾಲ್ಫ್ ಹೇಟನ್ ಮಾರಿಸ್ ಬಂದು, ಅತ್ತಿಕಾನಿನಲ್ಲಿ ಕಾಫಿ ತೋಟವನ್ನು ಎಬ್ಬಿಸಿದರು. ಕಾಡುಕೋಣವೊಂದು ತಿವಿದು ಗಾಯಗೊಳಿಸಿದರೂ ಅವರು ಬೆಟ್ಟವನ್ನು ತೊರೆಯಲಿಲ್ಲ.

ಅವರ ಮಗ ರಾಲ್ಫ್ ಕ್ಯಾಮ್ರೂ ಮಾರಿಸ್ (1894–1977) ಹೊನ್ನಮೇಟಿಯ ತೋಟದಲ್ಲಿ ನೆಲೆಸಿದರು. ಅವರೂ ಬೇಟೆಗಾರರೇ. ಆದರೆ ಕೋವಿ ಹಿಡಿದ ಕೈ ಲೇಖನಿಯನ್ನೂ ಹಿಡಿಯಿತು. ಆನೆ, ಹುಲಿ, ಕಾಡುಕೋಣಗಳ ನಡವಳಿಕೆಯನ್ನು ತಾಳ್ಮೆಯಿಂದ ಗಮನಿಸಿ, ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಗೆ ದಶಕಗಳ ಕಾಲ ಬರೆದರು. ಕೊಲ್ಲುವುದಕ್ಕೆ ಮಿತಿಯಿಲ್ಲದಿದ್ದರೆ ಕಾಡು ಬರಿದಾಗುವುದೆಂಬುದನ್ನು ಅರಿತು, ವನ್ಯಜೀವಿಗಳ ರಕ್ಷಣೆಯ ಪರವಾಗಿ ನಿಂತರು. ಪಕ್ಷಿತಜ್ಞ ಸಲೀಂ ಅಲಿಯವರು ಅವರ ಸ್ನೇಹಿತರಾಗಿದ್ದರು.

ಈ ಬೆಟ್ಟದಲ್ಲಿ ಬೆಳೆದ ಅವರ ಮಗಳು ಮೋನಿಕಾ ಜಾಕ್ಸನ್ 1955ರಲ್ಲಿ ಮಹಿಳೆಯರೇ ಕೂಡಿದ ಹಿಮಾಲಯ ಪರ್ವತಾರೋಹಣದಲ್ಲಿ ಪಾಲ್ಗೊಂಡರು.

1950ರ ದಶಕದಲ್ಲಿ ತೋಟವನ್ನು ಮಾರಿ ಮಾರಿಸ್ ಕುಟುಂಬ ಹೊರಟುಹೋಯಿತು. ಸೋಲಿಗರು ಅಲ್ಲಿಯೇ ಉಳಿದರು. 2011ರಲ್ಲಿ ಕಾಡಿನ ಮೇಲಿನ ಅವರ ಸಮುದಾಯ ಹಕ್ಕಿಗೆ ಮನ್ನಣೆ ದೊರೆಯಿತು. ಕಾಡನ್ನು ಪ್ರೀತಿಸಿದವರು ಅನೇಕರು. ಅದರೊಡನೆ ಬಾಳಿದವರ ಹಕ್ಕು ಎಲ್ಲಕ್ಕಿಂತ ಹಿರಿದು.