ಕ್ರೈಸ್ತ ಐಕ್ಯತೆಯ ಸಾಧಕ ಸ್ವಾಮಿ ಪೌಲ್ ಕುತುರಿಯೆ

ಪ್ರತಿ ವರುಷ ಜನವರಿ ತಿಂಗಳ 18ರಿಂದ 25ರವರೆಗೆ ಕ್ರೈಸ್ತರೆಲ್ಲರ ಐಕ್ಯತೆಗಾಗಿ ಲೋಕದ ನಾನಾ ಕಡೆಗಳಲ್ಲಿ ಪ್ರಾರ್ಥನೆ ನಡೆಯುತ್ತದೆ. ನಮ್ಮ ಬಲಿಪೂಜೆಯಲ್ಲಿಯೂ ಆ ಬಿನ್ನಹ ಕೇಳಿಬರುತ್ತದೆ. ಈ ಪ್ರಾರ್ಥನಾ ಸಪ್ತಾಹಕ್ಕೆ ಇಂದಿನ ರೂಪವನ್ನಿತ್ತ ಗುರುವರ್ಯರ ಹೆಸರು ಯೂರೋಪಿನ ಕ್ರೈಸ್ತರಲ್ಲಿ ಸುಪ್ರಸಿದ್ಧವಾಗಿದ್ದರೂ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಪೌಲ್ ಕುತುರಿಯೆಯವರು 1881ರ ಜುಲೈ 29ರಂದು ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಜನಿಸಿದರು. ಬಾಲ್ಯದ ಕೆಲವು ವರುಷಗಳು ಅಲ್ಜೀರಿಯದಲ್ಲಿ ಕಳೆದವು. 1906ರಲ್ಲಿ ಗುರುದೀಕ್ಷೆ ಪಡೆದು, ಸಂತ ಇರೆನೇಯರ ಹೆಸರಿನ ಗುರುಗಳ ಸಂಘಕ್ಕೆ ಸೇರಿದರು. ತರುವಾಯ ಲಿಯೋನಿನ ಶಾಲೆಯೊಂದರಲ್ಲಿ ಗಣಿತ ಮತ್ತು ವಿಜ್ಞಾನಗಳ ಅಧ್ಯಾಪಕರಾಗಿ ದೀರ್ಘಕಾಲ ದುಡಿದರು. ಸಂಕೋಚ ಸ್ವಭಾವದ ಈ ಮೇಷ್ಟರಿಗೆ ನಲವತ್ತು ವರುಷ ತುಂಬುವವರೆಗೂ ಐಕ್ಯತೆಯ ಚಿಂತೆ ಅಷ್ಟಾಗಿ ಇದ್ದಂತೆ ಕಾಣುವುದಿಲ್ಲ.

1917ರ ಕ್ರಾಂತಿಯ ನಂತರ ರಷ್ಯದಿಂದ ನಿರಾಶ್ರಿತರು ಗುಂಪು ಗುಂಪಾಗಿ ಫ್ರಾನ್ಸಿಗೆ ಬಂದರು. ಲಿಯೋನಿನಲ್ಲಿ ನೆಲೆಸಿದವರಿಗೆ ಅನ್ನ, ವಸತಿ, ಉದ್ಯೋಗಗಳನ್ನು ಒದಗಿಸುವ ಕಾರ್ಯದಲ್ಲಿ ಸ್ವಾಮಿಯವರು 1923ರಿಂದ ತೊಡಗಿದರು. ಬಂದವರಲ್ಲಿ ಬಹುಮಂದಿ ಆರ್ಥೊಡಾಕ್ಸ್ ಕ್ರೈಸ್ತರು. ಸರ್ವಸ್ವವನ್ನೂ ಕಳೆದುಕೊಂಡಿದ್ದರೂ ದೇವಮಾತೆಯ ಚಿತ್ರಪಟವನ್ನು ಕೈಬಿಡದ ಆ ಜನರ ಭಕ್ತಿಯನ್ನು ಹತ್ತಿರದಿಂದ ಕಂಡವರಿಗೆ, ಇವರು ನಮ್ಮವರಲ್ಲವೆಂದು ಹೇಳುವುದು ಕಷ್ಟ. 1932ರಲ್ಲಿ ಅವರು ಬೆಲ್ಜಿಯಮ್ಮಿನ ಅಮೇ ಎಂಬಲ್ಲಿದ್ದ ಸಂತ ಬೆನೆದಿಕ್ತರ ಮಠದಲ್ಲಿ ಕೆಲಕಾಲ ತಂಗಿದರು. ಲತೀನ್ ಮತ್ತು ಪೌರಸ್ತ್ಯ ವಿಧಿಗಳೆರಡರಲ್ಲೂ ಪೂಜೆ ನಡೆಸುತ್ತ ಐಕ್ಯತೆಗಾಗಿಯೇ ಬಾಳುತ್ತಿದ್ದ ಮಠವದು. ಅಲ್ಲಿಂದ ಹಿಂದಿರುಗಿದ ಕುತುರಿಯೆಯವರಿಗೆ ತಮ್ಮ ಕಾರ್ಯ ಯಾವುದೆಂಬುದು ಸ್ಪಷ್ಟವಾಗಿತ್ತು. 1933ರ ಜನವರಿಯಲ್ಲಿ ಲಿಯೋನಿನಲ್ಲಿ ಮೂರು ದಿನಗಳ ಪ್ರಾರ್ಥನೆಯನ್ನು ಏರ್ಪಡಿಸಿದರು. ಮರುವರುಷವೇ ಅದು ಎಂಟು ದಿನಗಳಾಯಿತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಎಂಟು ದಿನಗಳ ಈ ಪ್ರಾರ್ಥನೆ ಅವರ ಕಲ್ಪನೆಯಲ್ಲ. ಅಮೆರಿಕದ ಆಂಗ್ಲಿಕನ್ ಸನ್ಯಾಸಿ ಪಾಲ್ ವಾಟ್ಸನ್ 1908ರಲ್ಲಿ ಅದನ್ನು ಆರಂಭಿಸಿದ್ದರು. ಮರುವರುಷ ಅವರು ಕಥೋಲಿಕ ಧರ್ಮಸಭೆಗೆ ಸೇರಿದರು. 1916ರಲ್ಲಿ ಪೋಪ್ ಹದಿನೈದನೆಯ ಬೆನೆದಿಕ್ತರು ಅದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಆದರೆ ಅದರ ಆಶಯ, ಅಗಲಿದವರೆಲ್ಲರೂ ರೋಮಿಗೆ ಮರಳಲಿ ಎಂಬುದಾಗಿತ್ತು. ಹೀಗಿರುವಾಗ ಪ್ರೊಟೆಸ್ಟೆಂಟರಾಗಲಿ ಆರ್ಥೊಡಾಕ್ಸರಾಗಲಿ ನಮ್ಮೊಡನೆ ಮೊಣಕಾಲೂರುವುದೆಂತು? ತಮ್ಮ ಸೋಲಿಗಾಗಿ ತಾವೇ ಪ್ರಾರ್ಥಿಸಿದಂತೆ ಅವರಿಗೆ ತೋರುತ್ತಿತ್ತು. ಕುತುರಿಯೆಯವರು ಪ್ರಾರ್ಥನೆಯ ದಿನಗಳನ್ನು ಬದಲಿಸಲಿಲ್ಲ, ಬಿನ್ನಹವನ್ನು ಬದಲಿಸಿದರು. ಕ್ರಿಸ್ತರು ಬಯಸುವ ಐಕ್ಯತೆ, ಅವರು ಬಯಸುವ ಮಾರ್ಗದಲ್ಲಿ, ಅವರು ಬಯಸುವ ಕಾಲದಲ್ಲಿ ಉಂಟಾಗಲೆಂದು ಎಲ್ಲರೂ ಬೇಡುವುದು. ಅದಕ್ಕೆ ಮೊದಲು ಪ್ರತಿಯೊಬ್ಬರೂ ಒಡಕಿನಲ್ಲಿ ತಮ್ಮ ಪಾಲಿನ ಪಾಪಕ್ಕಾಗಿ ಪಶ್ಚಾತ್ತಾಪಪಡುವುದು. ಕಡೆಯ ಭೋಜನದ ವೇಳೆ ಯೇಸುಸ್ವಾಮಿ ಶಿಷ್ಯರಿಗಾಗಿ ಮಾಡಿದ ಪ್ರಾರ್ಥನೆಯೊಳಗೆ ನಾವು ಪ್ರವೇಶಿಸುವುದೆಂದರೆ ಅವರ ದೃಷ್ಟಿಯಲ್ಲಿ ಇದೇ ಆಗಿತ್ತು.

ಇದು ಸತ್ಯವನ್ನು ಸಡಿಲಿಸಿದಂತಾಗಲಿಲ್ಲವೇ ಎಂದು ಅಂದು ಕೇಳಿದವರಿದ್ದರು, ಇಂದೂ ಕೇಳುವವರಿದ್ದಾರೆ. ಆ ಪ್ರಶ್ನೆ ಹಗುರವಾದುದಲ್ಲ. 1928ರಲ್ಲಷ್ಟೇ ಪೋಪ್ ಹನ್ನೊಂದನೆಯ ಪಿಯುಸರು, ವಿವಿಧ ಸಭೆಗಳ ಐಕ್ಯ ಸಮ್ಮೇಳನಗಳಲ್ಲಿ ಕಥೋಲಿಕರು ಭಾಗವಹಿಸಕೂಡದೆಂದು ವಿಶ್ವಪತ್ರದ ಮೂಲಕ ಆಜ್ಞಾಪಿಸಿದ್ದರು. ಕುತುರಿಯೆಯವರು ಅವಿಧೇಯರಾಗಲಿಲ್ಲ, ಕಾರ್ಯವನ್ನು ಕೈಬಿಡಲೂ ಇಲ್ಲ. ಮಹಾಧರ್ಮಾಧ್ಯಕ್ಷರ ಅನುಮತಿಯ ಮೇರೆಗೇ ನಡೆದರು. 1937ರಲ್ಲಿ ಲಿಯೋನಿಗೆ ಬಂದ ಕಾರ್ಡಿನಲ್ ಜೆರ್ಲಿಯೇಯವರೂ ಅವರಿಗೆ ಬೆಂಬಲವಾದರು. ಕಥೋಲಿಕ ವಿಶ್ವಾಸದ ಒಂದಂಶವನ್ನೂ ಅವರು ಬಿಟ್ಟುಕೊಡಲಿಲ್ಲ. ಐಕ್ಯತೆಯ ರೂಪುರೇಷೆಯನ್ನು ದೇವರಿಗೆ ನಿರ್ದೇಶಿಸುವ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟರು. ಇದು ವಿಶ್ವಾಸದ ಕೊರತೆಯಲ್ಲ, ಅದರ ಪರಿಪಕ್ವತೆ ಎಂದೇ ನಾವು ತಿಳಿಯುತ್ತೇವೆ.

1937ರಲ್ಲಿ ಲಿಯೋನಿಗೆ ಸಮೀಪದ ದೋಂಬ್ ಎಂಬ ಟ್ರಾಪಿಸ್ಟ್ ಮಠದಲ್ಲಿ ಕಥೋಲಿಕ ಗುರುಗಳನ್ನೂ ಪ್ರೊಟೆಸ್ಟೆಂಟ್ ಪಾಲಕರನ್ನೂ ಒಂದುಗೂಡಿಸಿ ಪ್ರಾರ್ಥನೆ, ಚರ್ಚೆಗಳ ಕೂಟವನ್ನು ಆರಂಭಿಸಿದರು. ಪರಮಪ್ರಸಾದ, ಗುರುಪದವಿಗಳಂತಹ ಕ್ಲಿಷ್ಟ ವಿಷಯಗಳ ಬಗ್ಗೆ ಆ ಕೂಟವು ಮುಂದೆ ಬೆಲೆಬಾಳುವ ಪತ್ರಗಳನ್ನು ಪ್ರಕಟಿಸಿತು. ಆಂಗ್ಲಿಕನರನ್ನು ಕಾಣಲು 1937 ಮತ್ತು 1938ರಲ್ಲಿ ಇಂಗ್ಲೆಂಡಿಗೂ ಹೋಗಿ ಬಂದರು. ಉಳಿದ ಕಾಲವೆಲ್ಲ ಪತ್ರ ಬರೆಯುವುದು, ಕರಪತ್ರ ಹಂಚುವುದು. ಪರಸ್ಪರ ಕಾಣದೆಯೂ ಐಕ್ಯತೆಗಾಗಿ ಪ್ರಾರ್ಥಿಸುವ ಎಲ್ಲ ಸಭೆಗಳ ಜನರನ್ನು ಅವರು ಅಗೋಚರವಾದ ಒಂದು ಮಠವೆಂದು ಭಾವಿಸುತ್ತಿದ್ದರು.

ಯುದ್ಧಕಾಲದಲ್ಲಿ ಹೊರನಾಡುಗಳೊಡನೆ ಪತ್ರವ್ಯವಹಾರವುಳ್ಳವರು ಸಂಶಯಕ್ಕೆ ಗುರಿಯಾಗುವುದು ಸಹಜ. 1944ರ ಏಪ್ರಿಲಿನಲ್ಲಿ ನಾಜಿಗಳ ಗುಪ್ತ ಪೊಲೀಸರು ಅವರನ್ನು ಬಂಧಿಸಿ ಮೋಂಲುಕ್ ಸೆರೆಮನೆಯಲ್ಲಿಟ್ಟರು. ಎರಡು ತಿಂಗಳ ತರುವಾಯ ಬಿಡುಗಡೆಯಾದರೂ ಕಳೆದ ಆರೋಗ್ಯ ಮರಳಲಿಲ್ಲ. 1952ರಲ್ಲಿ ಪೌರಸ್ತ್ಯ ಮೆಲ್ಕೈಟ್ ಸಭೆಯ ಪಿತಾಮಹರಾದ ನಾಲ್ಕನೆಯ ಮಾಕ್ಸಿಮೋಸರು ಅವರಿಗೆ ಆರ್ಕಿಮಂಡ್ರೈಟ್ ಎಂಬ ಗೌರವ ಪದವಿಯನ್ನಿತ್ತರು. 1953ರ ಮಾರ್ಚ್ 24ರಂದು ಲಿಯೋನಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಅವರು ಕಣ್ಮುಚ್ಚಿದ ಹನ್ನೊಂದು ವರುಷಗಳ ಬಳಿಕ, 1964ರ ನವೆಂಬರ್ 21ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಐಕ್ಯತೆಯ ಕುರಿತಾದ ತನ್ನ ಆಜ್ಞಾಪತ್ರದಲ್ಲಿ, ಹೃದಯ ಪರಿವರ್ತನೆ ಮತ್ತು ಪ್ರಾರ್ಥನೆಗಳೇ ಈ ಕಾರ್ಯದ ಆತ್ಮವೆಂದು ಸಾರಿತು. ವ್ಯಾಟಿಕನ್ನಿನ ಐಕ್ಯತಾ ಕಾರ್ಯಾಲಯವೂ ಸಭೆಗಳ ವಿಶ್ವ ಮಂಡಲಿಯೂ ಜಂಟಿಯಾಗಿ ಸಿದ್ಧಪಡಿಸಿದ ಪ್ರಾರ್ಥನಾಪಾಠಗಳು 1968ರಿಂದ ಬಳಕೆಗೆ ಬಂದವು. ಪೂರ್ವದಿಂದ ಬಂದು ಪಶ್ಚಿಮದ ಲಿಯೋನಿನಲ್ಲಿ ಧರ್ಮಾಧ್ಯಕ್ಷರಾಗಿದ್ದ ಅದೇ ಸಂತ ಇರೆನೇಯರನ್ನು ಪೋಪ್ ಫ್ರಾನ್ಸಿಸರು ಐಕ್ಯತೆಯ ಪಂಡಿತರೆಂದು ಘೋಷಿಸಿದ್ದು 2022ರಲ್ಲಿ, ಇದೇ ಸಪ್ತಾಹದ ನಡುವೆ.

2013ರ ಸಪ್ತಾಹದ ಪಾಠಗಳನ್ನು ಸಿದ್ಧಪಡಿಸುವ ಭಾಗ್ಯ ನಮ್ಮ ಭಾರತಕ್ಕೆ ದೊರೆಯಿತು. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟಿನವರು ಕಥೋಲಿಕ ವಿದ್ಯಾರ್ಥಿಗಳ ಒಕ್ಕೂಟದೊಡನೆ ಕಲೆತು ಅವನ್ನು ರಚಿಸಿದರು. ಅವರು ಆರಿಸಿಕೊಂಡದ್ದು ಪ್ರವಾದಿ ಮೀಕನ ಗ್ರಂಥದ 6ನೆಯ ಅಧ್ಯಾಯವನ್ನು. ಮುಂದಿಟ್ಟದ್ದು ದಲಿತ ಕ್ರೈಸ್ತರ ನೋವನ್ನು, ಸಭೆ ಸಭೆಗಳ ನಡುವಣ ಗೋಡೆಗಳ ಜೊತೆಗೆ ಪ್ರತಿಯೊಂದು ಸಭೆಯೊಳಗೂ ಉಳಿದಿರುವ ಜಾತಿಯ ಗೋಡೆಯನ್ನು.