ಗುಸ್ತಾವ್ ಸಿಮೋನ್: ಬೆನ್ನಿನ ಕಡೆಯಿಂದ ಹೋದ ವೈದ್ಯ

ಕುರಿ ಕೊಯ್ದು ಬಿಡಿಸುವುದನ್ನು ನೀವು ನೋಡಿರಬಹುದು. ಮನೆಮಾತಿನಲ್ಲಿ ನಾವು ಗುರ್ದಾ ಎನ್ನುವ ಮೂತ್ರಪಿಂಡಗಳು ಕರುಳಿನ ಜೊತೆ ಹೊರಗೆ ಬರುವುದಿಲ್ಲ. ಅವು ಹಿಂದೆ ಬೆನ್ನಿಗೆ ಅಂಟಿಕೊಂಡು ಕೊಬ್ಬಿನೊಳಗೆ ಹುದುಗಿರುತ್ತವೆ. ಮನುಷ್ಯನಲ್ಲೂ ಹಾಗೆಯೇ. ಹಾಗಾದರೆ ಶಸ್ತ್ರವೈದ್ಯರು ಅಲ್ಲಿಗೆ ಹೊಟ್ಟೆಯ ಕಡೆಯಿಂದ ಹೋಗಬೇಕೋ, ಬೆನ್ನಿನ ಕಡೆಯಿಂದಲೋ? ಒಬ್ಬ ಹೆಣ್ಣುಮಗಳ ಜೀವ ಪಣಕ್ಕಿದ್ದಾಗ ಈ ಪ್ರಶ್ನೆಯನ್ನು ಎದುರಿಸಿದವರು ಜರ್ಮನಿಯ ಗುಸ್ತಾವ್ ಸಿಮೋನ್.

ಅವರು 1824ರ ಮೇ 30ರಂದು ಡಾರ್ಮ್‌ಸ್ಟಾಟ್‌ನಲ್ಲಿ ಹುಟ್ಟಿದರು. ಸೇನೆಯಲ್ಲಿ ವೈದ್ಯರಾಗಿದ್ದು, 1861ರಲ್ಲಿ ರೋಸ್ಟಾಕ್‌ನಲ್ಲಿ, 1867ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು.

ಮಾರ್ಗರೇಥಾ ಕ್ಲೆಬ್ ಎಂಬ 46 ವರ್ಷದ ಮಹಿಳೆ ಅವರ ಬಳಿಗೆ ಬಂದರು. ಹಿಂದೆ ಗಡ್ಡೆ ತೆಗೆಯುವಾಗ ಆಕೆಯ ಒಂದು ಮೂತ್ರನಾಳಕ್ಕೆ ಪೆಟ್ಟಾಗಿತ್ತು. ಮೂತ್ರ ದಿನವಿಡೀ ಸೋರುತ್ತಿತ್ತು. ಆ ನರಕಯಾತನೆಯನ್ನು ನೀವೇ ಊಹಿಸಿಕೊಳ್ಳಿ. ಸರಿಪಡಿಸುವ ಯತ್ನಗಳು ವಿಫಲವಾದಾಗ ಸಿಮೋನ್ ಆ ಬದಿಯ ಮೂತ್ರಪಿಂಡವನ್ನೇ ತೆಗೆಯಲು ಯೋಚಿಸಿದರು. ಆದರೆ ಉಳಿಯುವ ಒಂದರಿಂದಲೇ ಮನುಷ್ಯ ಬದುಕಬಲ್ಲನೇ? ಅವರು ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿದರು, ಶವಗಳ ಮೇಲೆ ಕೈ ಪಳಗಿಸಿಕೊಂಡರು. ನಾಯಿಗಳ ವಿಚಾರ ಓದುವಾಗ ನನಗೆ ಸಂಕಟವಾಯಿತು. ಆದರೂ ಪರೀಕ್ಷಿಸದೆ ಆಕೆಯ ಮೇಲೆ ಕತ್ತಿ ಇಟ್ಟಿದ್ದರೆ ಅದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು.

ಇನ್ನು ದಾರಿಯ ಮಾತು. 1861ರಲ್ಲಿ ಅಮೆರಿಕದಲ್ಲಿ ಯಕೃತ್ತಿನ ಗಡ್ಡೆಯೆಂದು ಭ್ರಮಿಸಿ ಹೊಟ್ಟೆಯ ಕಡೆಯಿಂದ ಮೂತ್ರಪಿಂಡವನ್ನು ತೆಗೆದಿದ್ದರು, ರೋಗಿ ಉಳಿಯಲಿಲ್ಲ. ಮುಂದಿನಿಂದ ಹೋದರೆ ಕರುಳನ್ನು ಸುತ್ತಿರುವ ಪೆರಿಟೋನಿಯಂ ಎಂಬ ತೆಳುಪೊರೆಯನ್ನು ಸೀಳಬೇಕು. ಸೋಂಕು ತಡೆಯುವ ಕ್ರಮಗಳು ಇನ್ನೂ ಬೇರೂರದ ಆ ಕಾಲದಲ್ಲಿ ಅದರೊಳಗೆ ಕೀವಾದರೆ ಸಾವೇ ಗತಿ. ಆದ್ದರಿಂದ 1869ರ ಆಗಸ್ಟ್ 2ರಂದು ಸಿಮೋನ್ ಬೆನ್ನುಮೂಳೆಯ ಪಕ್ಕದ ದಪ್ಪ ಸ್ನಾಯುವಿನ ಅಂಚಿನಲ್ಲಿ ಕೊಯ್ದು, ಆ ಪೊರೆಯನ್ನು ಮುಟ್ಟದೆ ಎಡ ಮೂತ್ರಪಿಂಡವನ್ನು ಹೊರತೆಗೆದರು. ಸುಮಾರು 40 ನಿಮಿಷ ಹಿಡಿಯಿತು. ಸೋಂಕು ಕಾಡಿದರೂ ಆಕೆ ಬದುಕಿದರು, ಸೋರಿಕೆ ನಿಂತಿತು. ಯೋಜಿಸಿ ಮೂತ್ರಪಿಂಡ ತೆಗೆದು ಯಶಸ್ಸು ಕಂಡ ಮೊದಲ ಶಸ್ತ್ರಚಿಕಿತ್ಸೆ ಇದೇ.

ಆದರೆ 1871ರಲ್ಲಿ ಇದೇ ದಾರಿಯಲ್ಲಿ ಚಿಕಿತ್ಸೆ ಪಡೆದ ಎರಡನೆಯ ರೋಗಿ ಸೋಂಕಿನಿಂದ ತೀರಿಕೊಂಡರು. ಸಿಮೋನ್ ಕೂಡ 1876ರ ಆಗಸ್ಟ್‌ನಲ್ಲಿ, 52ನೆಯ ವಯಸ್ಸಿನಲ್ಲಿ ನಿಧನರಾದರು.

ಅವರ ದಾರಿಗೂ ಮಿತಿಯಿದೆ. ಬೆನ್ನಿನ ಕಡೆ ಜಾಗ ಇಕ್ಕಟ್ಟು. ದೊಡ್ಡ ಗಡ್ಡೆಯಿದ್ದರೆ ರಕ್ತನಾಳಗಳನ್ನು ಮೊದಲೇ ಹಿಡಿದು ಕಟ್ಟುವುದು ಕಷ್ಟ. ಅಂಥಲ್ಲಿ ಹೊಟ್ಟೆಯ ದಾರಿಯೇ ಅನುಕೂಲ, ಆದರೆ ಕರುಳನ್ನು ಸರಿಸಬೇಕಾಗುತ್ತದೆ. ಪಕ್ಕೆಯಲ್ಲಿ ಕೊಯ್ದರೆ ನರಕ್ಕೆ ಪೆಟ್ಟಾಗಿ ಮುಂದೆ ಆ ಜಾಗ ಉಬ್ಬುವುದುಂಟು. 1990ರಲ್ಲಿ ಅಮೆರಿಕದಲ್ಲಿ ಸಣ್ಣ ರಂಧ್ರಗಳ ಮೂಲಕ ಲ್ಯಾಪರೊಸ್ಕೋಪಿಯಿಂದ ಮೂತ್ರಪಿಂಡವನ್ನು ತೆಗೆದರು. ಆ ರಂಧ್ರಗಳನ್ನೂ ವೈದ್ಯರು ರೋಗಿಯನ್ನು ನೋಡಿಕೊಂಡು ಕೆಲವೊಮ್ಮೆ ಹೊಟ್ಟೆಯ ಕಡೆ, ಕೆಲವೊಮ್ಮೆ ಬೆನ್ನಿನ ಕಡೆ ಮಾಡುತ್ತಾರೆ.