ಐವತ್ತು ಗಜದ ಪರೀಕ್ಷೆ

ಬೇಸಿಗೆ ರಜೆ ಬಂತೆಂದರೆ ಹಲಸೂರು ಕೆರೆ ಪಕ್ಕದ ಕೆನ್ಸಿಂಗ್ಟನ್ ಈಜುಕೊಳಕ್ಕೆ ಮಕ್ಕಳನ್ನು ಸೇರಿಸುವ ಗಡಿಬಿಡಿ. ಅದೇ ನಮ್ಮ ಕ್ಲಾಸಿನಲ್ಲಿ ಈಜು ಬರೋರು ಕೈ ಎತ್ತಿ ಅಂದ್ರೆ ಏಳುವ ಕೈ ಕಮ್ಮಿ. ಆದರೂ ಟ್ರಿಪ್ ಹೋದಾಗ ಹೊಳೆ ಕಂಡ್ರೆ ಇಳಿಯೋದು ಬಿಡಲ್ಲ. ಈಜನ್ನು ಆಟ ಅಂತ ನೋಡದೆ, ಪ್ರತಿ ಹುಡುಗನೂ ಪಾಸಾಗಬೇಕಾದ ಪರೀಕ್ಷೆ ಅಂತ ಇಟ್ಟ ಒಬ್ಬರ ಕಥೆ ಇದು. ಸ್ಕೌಟುಗಳ ಬಾಯಲ್ಲಿ ಅವರು ಬಿ.ಪಿ. (ರಕ್ತದೊತ್ತಡ ಅಲ್ಲ!) ಪೂರ್ತಿ ಹೆಸರು ರಾಬರ್ಟ್ ಬೇಡನ್ ಪೊವೆಲ್.

ಹುಟ್ಟಿದ್ದು 1857ರ ಫೆಬ್ರವರಿ 22, ಲಂಡನ್‌ನಲ್ಲಿ. ಅಪ್ಪ ಆಕ್ಸ್‌ಫರ್ಡ್‌ನಲ್ಲಿ ಜ್ಯಾಮಿತಿ ಪ್ರಾಧ್ಯಾಪಕರು. ಮಗನಿಗೆ ಮೂರು ವರ್ಷವಾದಾಗಲೇ ತೀರಿಕೊಂಡರು. ದೊಡ್ಡಣ್ಣ ವಾರಿಂಗ್ಟನ್‌ಗೆ ದೋಣಿ ಹುಚ್ಚು. ತಮ್ಮಂದಿರನ್ನೆಲ್ಲ ಕಟ್ಟಿಕೊಂಡು ನೀರಿಗೆ ಹೋಗುತ್ತಿದ್ದ. ಬಿ.ಪಿ.ಗೆ ಆಕ್ಸ್‌ಫರ್ಡ್‌ನಲ್ಲಿ ಸೀಟು ಸಿಗಲಿಲ್ಲ (ನಮಗೆ ಸಮಾಧಾನದ ವಿಷಯ). ಸೈನ್ಯದ ಪರೀಕ್ಷೆಯಲ್ಲಿ ಮಾತ್ರ ಒಳ್ಳೆ ರ‍್ಯಾಂಕ್ ಬಂತು. 1876ರಲ್ಲಿ ಲಖನೌದ ಕುದುರೆ ದಂಡಿಗೆ ಬಂದಿಳಿದರು.

ಹೆಸರು ತಂದದ್ದು ದಕ್ಷಿಣ ಆಫ್ರಿಕಾದ ಮಾಫೆಕಿಂಗ್. ಬೋಯರರ ಮುತ್ತಿಗೆ 217 ದಿನ ನಡೆಯಿತು. ಅಲ್ಲಿ ಸಣ್ಣ ಹುಡುಗರು ಗುಂಡಿನ ನಡುವೆ ಸಂದೇಶ ಒಯ್ದದ್ದನ್ನು ಅವರು ಮರೆಯಲಿಲ್ಲ. 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ಹಾಕಿದರು. ದೊಡ್ಡ ಮನೆ ಮಕ್ಕಳೂ ಕೂಲಿಕಾರರ ಮಕ್ಕಳೂ ಒಂದೇ ಡೇರೆಯಲ್ಲಿ. ಮರುವರ್ಷ ಪುಸ್ತಕ ಬಂತು. ಅದರಲ್ಲಿ ಮೊದಲ ದರ್ಜೆ ಸ್ಕೌಟ್ ಆಗೋಕೆ ಬೇಕಾದ ಪಟ್ಟಿ ಇದೆ: ಉಳಿತಾಯ ಖಾತೆಯಲ್ಲಿ ಒಂದಿಷ್ಟು ಕಾಸು, ಅಡುಗೆ, ನಕ್ಷೆ ಓದುವುದು, ಜೊತೆಗೆ ಐವತ್ತು ಗಜ ಈಜು. ವೈದ್ಯರು ಬೇಡ ಅಂದರೆ ಮಾತ್ರ ವಿನಾಯಿತಿ. ಐವತ್ತು ಗಜ ಅಂದ್ರೆ 45.72 ಮೀಟರ್, ಒಲಿಂಪಿಕ್ ಕೊಳದ ಒಂದು ಉದ್ದಕ್ಕೂ ಸ್ವಲ್ಪ ಕಮ್ಮಿ. ವೇಗಕ್ಕೆ ಅಂಕ ಇಲ್ಲ, ಆ ದಡ ಮುಟ್ಟಿದರೆ ಆಯಿತು.

ಆದರೆ ನೀರು ಪಟ್ಟಿ ನೋಡಿಕೊಂಡು ನಡೆಯಲ್ಲ. 1912ರ ಆಗಸ್ಟ್ 4ರಂದು ಇಂಗ್ಲೆಂಡಿನ ಲೇಸ್‌ಡೌನ್ ಬಳಿ ಸ್ಕೌಟುಗಳ ದೋಣಿ ಮಗುಚಿ ಒಂಬತ್ತು ಹುಡುಗರು ಮುಳುಗಿ ಸತ್ತರು. ದೇಹಗಳನ್ನು ಲಂಡನ್‌ಗೆ ತರಲು ಹಡಗು ಕಳಿಸಿದ ನೌಕಾ ಸಚಿವ ಬೇರೆ ಯಾರೂ ಅಲ್ಲ, ಹಿಂದೆ ನಮ್ಮ ದಂಡಿನಲ್ಲಿ ಲೆಫ್ಟಿನೆಂಟ್ ಆಗಿದ್ದ ಚರ್ಚಿಲ್. ಕೊಳದಲ್ಲಿ ಪಾಸಾದ ಹುಡುಗ ಬಟ್ಟೆ, ಬೂಟು ಹಾಕಿಕೊಂಡು ಸಮುದ್ರಕ್ಕೆ ಬಿದ್ದರೆ ಲೆಕ್ಕವೇ ಬೇರೆ. ಐವತ್ತು ಗಜ ಬರೀ ಆರಂಭ ಅಂತ ನಮಗನ್ನಿಸುತ್ತೆ.

ಭಾರತದ ಮೊದಲ ಸ್ಕೌಟ್ ದಳ ಶುರುವಾದದ್ದು ನಮ್ಮ ದಂಡಿನಲ್ಲೇ: 1909, ಬಿಷಪ್ ಕಾಟನ್ ಬಾಲಕರ ಶಾಲೆ, ಕ್ಯಾಪ್ಟನ್ ಬೇಕರ್ ಕೈಯಲ್ಲಿ. ಆದರೆ ಬಾಗಿಲು ತೆರೆದದ್ದು ಬ್ರಿಟಿಷ್, ಆಂಗ್ಲೋ ಇಂಡಿಯನ್ ಹುಡುಗರಿಗಷ್ಟೇ. ಶಿವಾಜಿನಗರದ, ಹಲಸೂರಿನ ಮಕ್ಕಳಿಗೆ ಪರೀಕ್ಷೆ ಬರೆಯುವ ಹಕ್ಕೇ ಇಲ್ಲ. ಬಡವರ ಮಕ್ಕಳನ್ನು ಡೇರೆಗೆ ಕರೆದ ಮನುಷ್ಯನ ಸಂಘ ಇಲ್ಲಿ ಹೀಗಾಯಿತಲ್ಲ ಅನ್ನೋದೇ ನಮಗೆ ನುಂಗಲಾಗದ ಸಂಗತಿ. ಆನಿ ಬೆಸೆಂಟ್, ಮದನ ಮೋಹನ ಮಾಳವೀಯ ಮೊದಲಾದವರು ಭಾರತೀಯ ಮಕ್ಕಳಿಗೆ ಬೇರೆ ದಳಗಳನ್ನೇ ಕಟ್ಟಬೇಕಾಯಿತು. 1921ರಲ್ಲಿ ಬಿ.ಪಿ. ಇಲ್ಲಿಗೆ ಬಂದು ಹೋದ ಮೇಲೆ ಬೆಸೆಂಟರ ದಳ ಅವರ ಸಂಘಕ್ಕೆ ಸೇರಿತು. ಮಾಳವೀಯರ ಕಡೆಯವರು ದೂರವೇ ಉಳಿದರು. 1937ರ ದೆಹಲಿ ಮೇಳದ ಹೊತ್ತಿಗೆ ಭಾರತೀಯರ ಬಗ್ಗೆ ಬಿ.ಪಿ. ಹಗುರವಾಗಿ ಮಾತಾಡಿದರೆಂದು ಮತ್ತೆ ಬಿರುಕು ಬಿತ್ತು. ಎಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದ್ದು 1950ರ ನವೆಂಬರ್ 7ರಂದು.

ಅದನ್ನು ನೋಡಲು ಅವರಿರಲಿಲ್ಲ. 1941ರ ಜನವರಿ 8ರಂದು ಕೀನ್ಯಾದ ನ್ಯೇರಿಯಲ್ಲಿ ತೀರಿಕೊಂಡಿದ್ದರು. ಗೋರಿ ಕಲ್ಲಿನ ಮೇಲೆ ಒಂದು ವೃತ್ತ, ನಡುವೆ ಒಂದು ಚುಕ್ಕಿ. ಮನೆಗೆ ಹೋಗಿದ್ದೇನೆ ಅಂತ ಸ್ಕೌಟುಗಳು ದಾರಿಯಲ್ಲಿ ಬಿಟ್ಟುಹೋಗುವ ಗುರುತು ಅದು.